ಬೆಂದ್ರಪಾದೆಯ ಬೀಗಿತ್ತಿ

ಕಾಪು ಪಡು
ನವೆಂಬರ್ 9, 2024

ಮಗಳು ಹರ್ಷಿಣಿಗೆ ಕಾಪುವಿನಿಂದ ಅಮ್ಮ ಮಾಡುವ ಆಶೀರ್ವಾದ.

ನಾವೆಲ್ಲ ಇಲ್ಲಿ ಸೌಖ್ಯ. ನೀನು ಸೌಖ್ಯವೆಂದು ಪತ್ರಿಕೆಯಲ್ಲಿ ನೋಡಿದೆ.

ಫೋನು ಮಾಡಬಹುದಿತ್ತು. ಆದರೆ ನಿಮ್ಮ ಬೆಂದ್ರಪಾದೆಯಲ್ಲಿ ಟವರ್ ಸಿಗುವುದು ಆ ದೊಡ್ಡ ಬಂಡೆ ಹತ್ತಿದರೆ ಮಾತ್ರ. ಬಂಡೆಯ ಮೇಲೆ ನಿಂತವಳ ಜೊತೆ ಜಗಳ ಮಾಡಲಿಕ್ಕೆ ನನಗೆ ಧೈರ್ಯವಿಲ್ಲ. ಮತ್ತೆ ಫೋನಿನಲ್ಲಿ ನಾವು ಮಾತಾಡುವುದು ತುಳು. ತುಳುವಿನಲ್ಲಿ ನನಗೆ ಸಿಟ್ಟೂ ಬೇಗ ಬರುತ್ತದೆ, ಅಳುವೂ ಬೇಗ ಬರುತ್ತದೆ. ಕನ್ನಡದಲ್ಲಿ ಬರೆಯಲು ಕುಳಿತರೆ ಅಕ್ಷರ ನೆಟ್ಟಗಾಗುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ. ಇಳಿದ ಮೇಲೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ಗುರುವಾರ ಮಾರ್ಕೆಟಿನಲ್ಲಿ ಬಂಗುಡೆ ರಾಶಿ ಹಾಕಿ ಕೂತಿದ್ದೆ. ಐಸಿನ ಅಂಗಡಿಯಿಂದ ಹಸ್ನಾ ಓಡಿಬಂದಳು. ನಿನ್ನ ಜೊತೆ ಶಾಲೆಗೆ ಹೋಗುತ್ತಿದ್ದಾಗ ಹೇಗೆ ಓಡುತ್ತಿದ್ದಳೋ ಈಗಲೂ ಹಾಗೆಯೇ. ಹರ್ಷಿಣಿ ಪೇಪರಿನಲ್ಲಿ ಬಂದಿದ್ದಾಳೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಕೈ ತೊಳೆದುಕೊಂಡು ಕನ್ನಡಕ ಹಾಕಿ ನೋಡಿದೆ. ಕಾಡಿಗೆ ಹೋಗುವ ಮಣ್ಣಿನ ದಾರಿ, ಕಂಪೆನಿಯ ಜೀಪುಗಳ ಎದುರು ಅಡ್ಡ ಕೂತ ಹೆಂಗಸರು, ನಡುವೆ ಒಂದು ಕೊಡೆ. ಕೊಡೆಯ ಕೆಳಗೆ ನೀನು ನಿನ್ನ ಗಂಡನ ತಾಯಿಗೆ, ಆ ನಿನ್ನ ಮಾಮಿಗೆ, ಒರಗಿಕೊಂಡು ಕೂತಿದ್ದೀ. ಕೆಳಗೆ ಬರೆದದ್ದನ್ನು ಹಸ್ನಾ ಗಟ್ಟಿಯಾಗಿ ಓದಿದಳು: ‘ಬೆಂದ್ರಪಾದೆಯ ಭೂಶಾಖ ವಿದ್ಯುತ್ ಸ್ಥಾವರದ ವಿಸ್ತರಣೆಯನ್ನು ವಿರೋಧಿಸಿ ಧರಣಿ ನಡೆಸುತ್ತಿರುವ ಪದ್ದು ಹಾಗೂ ಅವರ ಮಗಳು ಹರ್ಷಿಣಿ.’

ಮಾರ್ಕೆಟು ಒಂದು ಗಳಿಗೆ ಸುಮ್ಮನಾಯಿತು. ನಮ್ಮ ಮಾರ್ಕೆಟು ಸುಮ್ಮನಾಗುವುದು ನಿನಗೆ ಗೊತ್ತಲ್ಲ, ಯಾರಾದರೂ ಸತ್ತ ಸುದ್ದಿ ಬಂದಾಗ ಮಾತ್ರ. ಅಚ್ಚಿನ ತಪ್ಪು ಎಂದೆ. ಎಲ್ಲರೂ ಹೌದು ಹೌದು ಎಂದರು. ಆ ಹೌದನ್ನು ಕೇಳಿ ಬಂಗುಡೆಯನ್ನು ಅರ್ಧ ಬೆಲೆಗೆ ಕೊಟ್ಟು ಮನೆಗೆ ಬಂದೆ.

ನೀನು ಧರಣಿ ಕೂತದ್ದಕ್ಕೆ ನನಗೆ ಬೇಸರವಿಲ್ಲ. ನೆಲದ ಬಿಸಿಯಿಂದ ಕರೆಂಟು ತೆಗೆಯುವ ಆ ಹಬೆ ಕಂಪೆನಿ ಮೊದಲು ಬಂದಾಗ ಬೇಡವೆಂದವರಿಲ್ಲ. ಲಕ್ಷಿತನಿಗೆ ಅಲ್ಲಿಯೇ ಕೆಲಸ ಸಿಕ್ಕಿತು, ಅದನ್ನು ನೋಡಿಯೇ ನಿನ್ನ ಅಪ್ಪ ಈ ಮದುವೆಗೆ ಒಪ್ಪಿದ್ದು. ಈಗ ಅವರು ಮೇಲಿನ ಕಾಡು ಕಡಿದು ಇನ್ನಷ್ಟು ಕಡೆ ಕೊರೆಯುತ್ತೇವೆ ಎಂದರೆ ಅಡ್ಡ ಕೂರಲೇಬೇಕು. ಆದರೆ ಅಡ್ಡ ಕೂರುವುದು ಹೇಗೆಂದು ಕೇಳಬೇಕಾದದ್ದು ಯಾರ ಹತ್ತಿರ? ಮೀನು ಮಾರ್ಕೆಟನ್ನು ಹೆದ್ದಾರಿಯಾಚೆ ಎಸೆಯುತ್ತೇವೆ ಎಂದು ಬಂದಾಗ ಲಾರಿಯ ಎದುರು ಕೂತವಳು ನಾನು. ನೀನು ನನ್ನ ಮಡಿಲಿನಲ್ಲಿದ್ದಿ, ಪೊಲೀಸಿನವರ ಲಾಠಿಯನ್ನು ಎಳೆದು ಬಾಯಿಗೆ ಹಾಕಲು ನೋಡಿದ್ದಿ. ಮಾರ್ಕೆಟು ಇವತ್ತಿಗೂ ಇದ್ದಲ್ಲೇ ಉಂಟು. ಇದೆಲ್ಲ ನಿನಗೆ ಗೊತ್ತಿದ್ದೂ ನೀನು ಕಲಿತದ್ದು ನಿನ್ನ ಮಾಮಿಯ ಕೊಡೆಯ ಕೆಳಗೆ.

ನಾನು ಒಣ ಸಿಗಡಿಯ ಚಟ್ನಿ ಕಳಿಸಿದರೆ ‘ಮಾಮಿಗೆ ತುಂಬ ಇಷ್ಟವಾಯಿತು’ ಎಂದು ಹೇಳುತ್ತೀ. ನಿನಗೆ ಇಷ್ಟವಾಯಿತೋ ಇಲ್ಲವೋ ಹೇಳುವುದಿಲ್ಲ. ಮಾಮಿಗೆ ಚಟ್ನಿ ಕಳಿಸಬೇಕೆಂದು ನನಗೇನೂ ಹರಕೆಯಿಲ್ಲ.

ನಿನ್ನ ಅಪ್ಪನಿಗೆ ಫೋಟೋ ತೋರಿಸಿದೆ. ಪತ್ರಿಕೆಯನ್ನು ಮಡಚಿಟ್ಟು, ‘ನಿನಗೆ ಹೊಟ್ಟೆಕಿಚ್ಚು’ ಎಂದು ನನಗೇ ಹೇಳಿದರು. ಆ ದಿನ ಅವರಿಗೆ ಬರೀ ಗಂಜಿ, ಉಪ್ಪಿನಕಾಯಿ. ಮೀನು ಇತ್ತು, ಕೊಡಲಿಲ್ಲ.

ಇಂತು ನಿನ್ನನ್ನು ಹೆತ್ತ
ಅಮ್ಮಣ್ಣಿ

ಇನ್ನೊಂದು: ಫೋಟೋದಲ್ಲಿ ನಿನ್ನ ಎಡಗೈ ಎಲ್ಲಿದೆ ಎಂದು ಕನ್ನಡಕ ಒರೆಸಿ ಮತ್ತೆ ನೋಡಿದೆ. ಹಾಗೆ ಹೊಟ್ಟೆಯ ಮೇಲೆ ಕೈ ಇಟ್ಟು ಕೂರುವುದು ಯಾವಾಗ ಎಂದು ಎರಡು ಹೆತ್ತವಳಿಗೆ ಹೇಳಿಕೊಡಬೇಕಾಗಿಲ್ಲ. ಎಷ್ಟು ತಿಂಗಳು? ಅವಳಿಗೆ ಗೊತ್ತುಂಟಾ?


ಬೆಂದ್ರಪಾದೆ, ಕಾರ್ಕಳ ತಾಲೂಕು
ನವೆಂಬರ್ 20, 2024

ಪ್ರೀತಿಯ ಅಮ್ಮನಿಗೆ,

ಐದು ತಿಂಗಳು. ಮಾಮಿಗೆ ಗೊತ್ತುಂಟು. ನಾನಾಗಿ ಹೇಳಲಿಲ್ಲ, ಒಂದು ಬೆಳಿಗ್ಗೆ ಕಾಫಿಯ ಲೋಟ ಹಾಗೆಯೇ ಇಟ್ಟು ಎದ್ದುಹೋದೆ, ಅವರಿಗೆ ಅಷ್ಟೇ ಸಾಕಾಯಿತು.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುವೆ. ಕಳೆದ ವರ್ಷ ಹೇಳಿದಾಗ ನೀನು ಮಾರ್ಕೆಟಿಗೆಲ್ಲ ಲಡ್ಡು ಹಂಚಿದೆ. ಆಮೇಲೆ ಉಳಿಯಲಿಲ್ಲ ಎಂದು ಒಬ್ಬೊಬ್ಬರಿಗೂ ನೀನೇ ಹೇಳಬೇಕಾಯಿತು ಎಂದು ಹಸ್ನಾ ಬರೆದಿದ್ದಳು. ಇನ್ನೊಮ್ಮೆ ನಿನ್ನನ್ನು ಅಲ್ಲಿ ನಿಲ್ಲಿಸಬಾರದು ಎಂದು ಏಳು ತುಂಬುವವರೆಗೆ ಬಾಯಿ ಕಟ್ಟಿಕೊಂಡಿರೋಣ ಎಂದುಕೊಂಡೆ. ಪತ್ರಿಕೆಯವರು ಬಿಡಲಿಲ್ಲ.

ಇನ್ನೊಂದನ್ನೂ ಬರೆಯುತ್ತೇನೆ, ಬೇಸರ ಮಾಡಬೇಡ. ಆಗ ನೀನು ಬರಲಿಲ್ಲ. ‘ಆ ಮಲೆಗೆ ನಾನು ಕಾಲಿಡುವುದಿಲ್ಲ’ ಎಂದು ಮದುವೆಯ ದಿನ ಹೇಳಿದ್ದನ್ನು ಹಿಡಿದುಕೊಂಡು, ಅಪ್ಪನನ್ನು ಮಾತ್ರ ಕಳಿಸಿದೆ. ಅಪ್ಪ ಅಂಗಳದಲ್ಲಿ ಕೂತು ಲಕ್ಷಿತನ ಜೊತೆ ಬಲೆಯ ವಿಷಯ ಮಾತಾಡಿ ಹೋದರು. ಒಳಗೆ ನನ್ನ ಹತ್ತಿರ ಇದ್ದವರು ಮಾಮಿ.

ಪತ್ರಿಕೆಯ ವಿಷಯ ಹೀಗೆ. ಕಡಲಿನ ಕಡೆಯಿಂದ ಜನ ಬಂದು ಊರಿನವರನ್ನು ಎಬ್ಬಿಸುತ್ತಿದ್ದಾರೆ ಎಂದು ಕಂಪೆನಿಯವರು ದೂರು ಕೊಟ್ಟಿದ್ದರು. ಪೊಲೀಸಿನವರು ಹೊರಗಿನವರನ್ನು ಎಬ್ಬಿಸಿ ಕಳಿಸಲು ಬಂದರು. ನನ್ನ ಊರು ಯಾವುದೆಂದು ಕೇಳಿದರು. ನಾನು ಕಾಪು ಎನ್ನುವ ಮೊದಲೇ ಮಾಮಿ ನನ್ನ ಕೈ ಹಿಡಿದು ‘ಎನ್ನ ಮಗಳ್’ ಎಂದುಬಿಟ್ಟರು. ಪತ್ರಿಕೆಯವನು ಪಕ್ಕದಲ್ಲೇ ಇದ್ದ, ಬರೆದುಕೊಂಡ. ನಾನು ತಿದ್ದಲಿಲ್ಲ. ತಿದ್ದಬೇಕೆಂದು ಅನ್ನಿಸಲೂ ಇಲ್ಲ. ನಿನ್ನ ಹತ್ತಿರ ಸುಳ್ಳು ಹೇಳಲಾರೆ.

ಆದರೆ ನಿನಗೂ ಒಂದು ಮಾತು. ನೀನು ಹಸ್ನಾಳನ್ನು ಮಗಳೇ ಎಂದು ಕರೆಯುತ್ತೀಯಂತೆ, ಸಂಜೆ ಅವಳ ತಲೆಗೆ ಎಣ್ಣೆ ಹಚ್ಚುತ್ತೀಯಂತೆ. ಅವಳೇ ಫೋಟೋ ಕಳಿಸಿದ್ದಾಳೆ. ಅದನ್ನು ನೋಡಲು ಬಂಡೆ ಹತ್ತಿ, ನೋಡಿ, ಅಲ್ಲಿಯೇ ಸುಮಾರು ಹೊತ್ತು ಕೂತಿದ್ದೆ.

ಈಗ ಮುಖ್ಯ ವಿಷಯ. ನಮ್ಮ ಬೆಂದ್ರ್, ಅಂದರೆ ಆ ಬಿಸಿನೀರಿನ ಬುಗ್ಗೆ, ತಣ್ಣಗಾಗುತ್ತಾ ಬಂದಿದೆ. ಕಂಪೆನಿ ಮೊದಲ ಬಾವಿ ಕೊರೆಯುವ ಮುಂಚೆ ಅದರಲ್ಲಿ ಕೈ ಇಡಲಾಗುತ್ತಿರಲಿಲ್ಲವಂತೆ. ನಾನು ಮದುವೆಯಾಗಿ ಬಂದಾಗಲೂ ಹಬೆ ಏಳುತ್ತಿತ್ತು. ಈಗ ಮಕ್ಕಳು ಇಳಿದು ಆಡುತ್ತಾರೆ. ಸ್ಥಾವರದಿಂದ ಬಿಟ್ಟ ನೀರು ಹೊಳೆಗೆ ಸೇರುವಲ್ಲಿ ಕಲ್ಲುಗಳೆಲ್ಲ ಬೆಳ್ಳಗಾಗಿವೆ, ಕೆಳಗಿನ ಗುಂಡಿಯಲ್ಲಿ ಮೀನು ಮೇಲೆ ತೇಲಿದ್ದನ್ನು ನಾನೇ ನೋಡಿದೆ. ಇದೆಲ್ಲ ಕಳೆದ ಬೇಸಗೆಯ ಬರದಿಂದ ಎನ್ನುತ್ತಾರೆ ಅವರು. ಇನ್ನು ಕೊರೆಯುವುದು ಬುಗ್ಗೆಯ ಮೇಲಿನ ಕಾಡಿನಲ್ಲಿ.

ಡಿಸೆಂಬರ್ ಐದಕ್ಕೆ ಕಾರ್ಕಳದಲ್ಲಿ ಸಾರ್ವಜನಿಕ ವಿಚಾರಣೆ ಇಟ್ಟಿದ್ದಾರೆ. ಊರಿನ ಪರವಾಗಿ ಮಾತಾಡುವುದು ಮಾಮಿ. ಅವರಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಸಭೆಯಲ್ಲಿ ನಿಂತು ಹೇಳುವಷ್ಟು ಬಾರದು. ವಿಚಾರಣೆಯ ಅಧಿಕಾರಿ ಘಟ್ಟದ ಮೇಲಿನವರು, ಅವರಿಗೆ ತುಳು ಬಾರದು. ಮಾಮಿಯ ಮಾತನ್ನು ಕನ್ನಡದಲ್ಲಿ ಹೇಳಲು ಪಕ್ಕದಲ್ಲಿ ನಿಲ್ಲಬೇಕಾದವಳು ನಾನು. ಮೊನ್ನೆ ಸ್ವಲ್ಪ ರಕ್ತ ಕಂಡಿತು. ಹೆದರಬೇಡ, ಡಾಕ್ಟರು ನೋಡಿ ಮಗು ಚೆನ್ನಾಗಿದೆ ಎಂದರು, ಆದರೆ ಜೀಪಿನಲ್ಲಿ ಓಡಾಡಬಾರದು ಎಂದಿದ್ದಾರೆ. ಲಕ್ಷಿತ್ ಬಾಯಿ ಬಿಡುವ ಹಾಗಿಲ್ಲ, ಸಭೆಯಲ್ಲಿ ಕಂಪೆನಿಯ ಅಂಗಿ ಹಾಕಿಕೊಂಡು ಅವರ ಕಡೆ ನಿಲ್ಲಬೇಕೆಂದು ಹೇಳಿದ್ದಾರಂತೆ. ಓದಿದವರ ಮನೆಗಳಲ್ಲೆಲ್ಲ ಒಬ್ಬೊಬ್ಬರು ಅಲ್ಲಿಯೇ ಕೆಲಸಕ್ಕಿದ್ದಾರೆ.

ಅಮ್ಮಾ, ನನ್ನ ಬದಲು ನೀನು ಹೋಗುತ್ತೀಯಾ? ಬೆಂದ್ರಪಾದೆಗೆ ಕಾಲಿಡಬೇಕಾಗಿಲ್ಲ, ಕಾರ್ಕಳಕ್ಕೆ ಬಂದರೆ ಸಾಕು. ನಿನ್ನನ್ನು ಕೇಳಬೇಡ ಎಂದು ಮಾಮಿ ಹೇಳಿದ್ದಾರೆ. ಇಷ್ಟು ವರ್ಷ ಕರೆಯದೆ ಈಗ ಕೆಲಸಕ್ಕೆ ಕರೆದ ಹಾಗಾಗುತ್ತದೆ ಎಂದು ಅವರಿಗೆ ಸಂಕೋಚ. ನಾನು ಅವರಿಗೆ ಹೇಳದೆ ಬರೆಯುತ್ತಿದ್ದೇನೆ.

ನಿನ್ನ
ಹರ್ಷಿಣಿ

ಮರೆತೆ: ಮಾಮಿ ಸಿಗಡಿ ಚಟ್ನಿಯ ರುಚಿಯನ್ನೇ ನೋಡಿಲ್ಲ. ಬಾಟಲಿಯನ್ನು ನನ್ನ ಸೀರೆಗಳ ಹಿಂದೆ ಇಟ್ಟುಕೊಂಡು ಒಬ್ಬಳೇ ತಿಂದು ಮುಗಿಸುತ್ತೇನೆ. ಅವರಿಗೆ ಇಷ್ಟವಾಯಿತು ಎಂದರೆ ನೀನು ಮರ್ಯಾದೆಗಾದರೂ ಬೇಗ ಇನ್ನೊಂದು ಕಳಿಸುತ್ತೀ ಎಂದು ಹಾಗೆ ಹೇಳಿದ್ದು.


ಕಾಪು ಪಡು
ಡಿಸೆಂಬರ್ 7, 2024

ನನ್ನ ಮಗಳು ಹರ್ಷಿಣಿಗೆ,

ಅಮ್ಮನ ಆಶೀರ್ವಾದ, ಹೊಟ್ಟೆಯಲ್ಲಿರುವುದಕ್ಕೂ ಸೇರಿಸಿ. ಮಲಗಿಕೊಂಡೇ ಓದು. ನೀರು ತರಲು ಹೋಗಬೇಡ.

ಕಾರ್ಕಳದಲ್ಲಿ ನಡೆದದ್ದನ್ನು ನಿನ್ನ ಮನೆಯವರು ಹೇಳಿರುತ್ತಾರೆ. ಅವರು ಹೇಳಿದ್ದು ಅವರದ್ದು. ನನ್ನದನ್ನು ನಾನು ಹೇಳುತ್ತೇನೆ.

ನಿನ್ನ ಪತ್ರ ಓದಿ ಮೊದಲು ಅತ್ತೆ. ಆಮೇಲೆ, ಹೋಗುವುದಿಲ್ಲ ಎಂದು ನಿನ್ನ ಅಪ್ಪನಿಗೆ ಹೇಳಿದೆ. ಅವಳ ಮಾತಿಗೆ ನಾನು ಬಾಯಿಯಾಗಬೇಕಾ ಎಂದೆ. ಐದನೇ ತಾರೀಕು ಬೆಳಿಗ್ಗೆ ಎದ್ದು ಮದುವೆಗೆ ಉಡುವ ಹಸಿರು ಸೀರೆ ಉಟ್ಟೆ, ಒಂದು ಚೆಂಡು ಶಂಕರಪುರ ಮಲ್ಲಿಗೆ ಮುಡಿದೆ, ಶಿರ್ವ ಬೆಳ್ಮಣ್ ದಾಟಿ ಕಾರ್ಕಳಕ್ಕೆ ಹೋಗುವ ಬಸ್ಸು ಹತ್ತಿದೆ. ಸಹಾಯಕ್ಕೆ ಹೋದದ್ದಲ್ಲ. ನಿನ್ನನ್ನು ಒರಗಿಸಿಕೊಂಡ ಭುಜ ಹೇಗಿದೆ ಎಂದು ನೋಡಲು ಹೋದೆ. ಮದುವೆಯ ದಿನ ನಾನು ಆ ಕಡೆಯವರ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ.

ಸಭಾಭವನದಲ್ಲಿ ಕೊನೆಯ ಸಾಲಿನಲ್ಲಿ ಕೂತೆ. ಯಾರಿಗೂ ಗುರುತು ಹೇಳಲಿಲ್ಲ. ಲಕ್ಷಿತ್ ಕಂಪೆನಿಯ ನೀಲಿ ಅಂಗಿಯಲ್ಲಿ ಗೋಡೆಗೆ ತಾಗಿ ನಿಂತಿದ್ದ, ನೆಲ ನೋಡುತ್ತಿದ್ದ. ನಿನ್ನ ಮಾಮಿಯನ್ನು ಕರೆದರು. ತೆಳ್ಳಗೆ ಇದ್ದಾಳೆ, ನನ್ನಷ್ಟೂ ಎತ್ತರವಿಲ್ಲ. ಮಾಸಿದ ಸೀರೆ. ನನ್ನ ಮಲ್ಲಿಗೆ ದಂಡವಾಯಿತು ಎನ್ನಿಸಿತು.

ಕನ್ನಡಕ್ಕೆ ತರಲು ನಿಮ್ಮಲ್ಲಿ ಜನ ಉಂಟಾ ಎಂದು ಅಧಿಕಾರಿ ಕೇಳಿದರು. ಅವಳು ಬಾಗಿಲಿನ ಕಡೆ ನೋಡಿದಳು. ಬರುತ್ತಾರೆಂದು ಯಾರನ್ನಾದರೂ ಕಾಯುತ್ತಿದ್ದಳೋ ಏನೋ. ನಾನು ಏಳಲಿಲ್ಲ. ಆಗ ಕಂಪೆನಿಯ ಕಡೆಯ ಒಬ್ಬ ಹುಡುಗ, ಕುತ್ತಿಗೆಗೆ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡವನು, ನಾನು ಹೇಳುತ್ತೇನೆ ಸಾರ್ ಎಂದು ಮುಂದೆ ಬಂದ.

ಬೆಂದ್ರ್ ತಣ್ಣಗಾದದ್ದನ್ನು ಅವಳು ಹೇಳಿದಳು. ಊರಿನಲ್ಲಿ ಒಳ್ಳೆಯ ಬಿಸಿನೀರಿನ ಬುಗ್ಗೆ ಇದೆ, ಅದರ ಅಭಿವೃದ್ಧಿ ಆಗಬೇಕಂತೆ ಎಂದ ಅವನು. ಹೊಳೆಯಲ್ಲಿ ಮೀನು ಸತ್ತದ್ದನ್ನು ಹೇಳಿದಳು. ಕುಡಿಯುವ ನೀರಿನ ಸೌಕರ್ಯ ಬೇಕಂತೆ ಎಂದ. ಹಿಂದೆ ಕೂತ ನಿಮ್ಮ ಊರಿನವರು ಗಲಾಟೆ ಮಾಡಿದರು, ಅಧಿಕಾರಿ ಮೇಜು ಕುಟ್ಟಿ, ಗಲಾಟೆ ಮಾಡಿದರೆ ಸಭೆ ಮುಗಿಸುತ್ತೇನೆ ಎಂದರು. ಎಲ್ಲರೂ ಬಾಯಿ ಮುಚ್ಚಿದರು.

ಮಗಳೇ, ನೀನು ನಿನ್ನ ಪತ್ರದಲ್ಲಿ ಸುಳ್ಳು ಬರೆಯಲಿಲ್ಲ, ನಾನೂ ಬರೆಯುವುದಿಲ್ಲ. ಆ ಹುಡುಗ ಅವಳ ಮಾತನ್ನು ಹಾಳು ಮಾಡುತ್ತಿದ್ದಾಗ ನನಗೆ ಒಳಗೆ ಒಂದು ಸಣ್ಣ ಸಂತೋಷವಾಯಿತು. ನನ್ನ ಮಗಳನ್ನು ಕೊಡೆಯ ಕೆಳಗೆ ಕೂರಿಸಿಕೊಂಡೆಯಲ್ಲ, ಈಗ ನೋಡು ಎನ್ನಿಸಿತು.

ಮೇಲಿನ ಕಾಡಿಗೆ ಯಂತ್ರ ಬಂದರೆ ದಾರಿಗೆ ಅಡ್ಡ ಮಲಗುತ್ತೇವೆ ಎಂದಳು ಅವಳು. ಮೇಲಿನವರೆಗೆ ದಾರಿ ಆಗಬೇಕಂತೆ ಎಂದ ಅವನು. ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು. ಅಷ್ಟು ಕನ್ನಡ ಅವಳಿಗೆ ತಿಳಿಯುತ್ತದೆ. ‘ಅಂಚ ಅತ್ತ್, ಅಂಚ ಅತ್ತ್’ ಎಂದಳು. ಹಾಗಲ್ಲ ಎಂದು ಕನ್ನಡದಲ್ಲಿ ಹೇಳಲು ಕೂಡ ಆ ಗಾಬರಿಯಲ್ಲಿ ಅವಳಿಗೆ ಬರಲಿಲ್ಲ. ಹೇಳಿ, ತನ್ನ ಬಲಗಡೆಗೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ನೀನು ನಿಲ್ಲಬೇಕಾಗಿದ್ದ ಜಾಗ ಅದು ಎಂದು ನನಗೆ ಗೊತ್ತಾಯಿತು. ಆ ನೋಟ ನನಗೆ ಪರಿಚಯದ್ದು. ನೀನು ಮದುವೆಯಾಗಿ ಹೋದ ಮೇಲೆ ಎಷ್ಟೋ ದಿನ ಮಾರ್ಕೆಟಿನಲ್ಲಿ ಚಿಲ್ಲರೆ ಕೇಳಲು ನಾನೂ ಹಾಗೆಯೇ ಪಕ್ಕಕ್ಕೆ ತಿರುಗುತ್ತಿದ್ದೆ.

ಎದ್ದು ನಿಂತೆ. ನನ್ನ ಸ್ವರ ನಿನಗೆ ಗೊತ್ತಲ್ಲ, ಮೈಕು ಬೇಡ. ‘ಸ್ವಾಮಿ, ಅವರು ಹೇಳಿದ್ದು ಹಾಗಲ್ಲ’ ಎಂದೆ.

ಹೆಸರು, ಊರು ಕೇಳಿದರು. ಅಮ್ಮಣ್ಣಿ, ಕಾಪು ಎಂದೆ. ಕಂಪೆನಿಯ ಮ್ಯಾನೇಜರು ಕೂಡಲೇ ಎದ್ದು, ಕಾಪುವಿನವರಿಗೆ ಇಲ್ಲಿ ಏನು ಕೆಲಸ, ಹೊರಗಿನವರು ಬಂದಿದ್ದಾರೆಂದು ನಾವು ಮೊದಲೇ ಹೇಳಿದ್ದೆವಲ್ಲ ಎಂದ. ಅಧಿಕಾರಿ ನನ್ನನ್ನು ಕೂರಲು ಹೇಳಿದರು.

ಆಗ ಗೋಡೆಯ ಹತ್ತಿರದಿಂದ ಲಕ್ಷಿತ್ ಮಾತಾಡಿದ. ಜೋರಾಗಿ ಅಲ್ಲ.

‘ಹೊರಗಿನವರಲ್ಲ ಸಾರ್. ನನ್ನ ಹೆಂಡತಿಯ ತಾಯಿ. ಇವರು ಹೇಳುತ್ತಾರೆ, ಕೇಳಿ.’

ಮರುದಿನ ಅವನನ್ನು ಗೇಟಿನಿಂದಲೇ ವಾಪಸು ಕಳಿಸಿದರು ಎಂದು ಹಸ್ನಾಳ ಫೋನಿಗೆ ಸುದ್ದಿ ಬಂತು. ಅದು ನಿನಗೆ ಗೊತ್ತಿರುತ್ತದೆ. ಯಾಕೆ ಕಳಿಸಿದರು ಎಂದು ಅವನು ನಿನಗೆ ಹೇಳಿರಲಾರ, ಅದಕ್ಕೇ ಬರೆದೆ. ಅವನು ಕೆಲಸಕ್ಕೆ ಹೋಗುತ್ತಾನೆಂದು ನಿನ್ನನ್ನು ಕೊಟ್ಟೆವು. ಈಗ ಕೆಲಸವಿಲ್ಲ. ಕೊಟ್ಟದ್ದು ಸರಿಯಾಯಿತು ಎಂದು ನನಗೆ ಮೊದಲ ಸಲ ಅನ್ನಿಸಿದೆ.

ಹೋಗಿ ಅವಳ ಬಲಗಡೆ ನಿಂತೆ. ಮೊದಲಿನಿಂದ ಹೇಳಿ ಎಂದೆ. ಅವಳು ಒಂದೊಂದೇ ಮಾತು ಹೇಳಿದಳು, ನಾನು ಒಂದೊಂದನ್ನೇ ಕನ್ನಡ ಮಾಡಿದೆ. ‘ನಾನು’ ಎಂದು ಅವಳು ಹೇಳಿದರೆ ನಾನೂ ‘ನಾನು’ ಎಂದೇ ಹೇಳಬೇಕಲ್ಲ. ನನ್ನ ಮೂರು ಮಕ್ಕಳನ್ನು ಹೆತ್ತಾಗ ನನ್ನ ಅತ್ತೆ ಬೆಂದ್ರಿನ ನೀರಿನಲ್ಲಿ ನನ್ನನ್ನು ಮೀಯಿಸಿದರು ಎಂದೆ. ನನ್ನ ಗಂಡನಿಗೆ ಹಾವು ಕಚ್ಚಿದ್ದು ನೀವು ಈಗ ಕಡಿಯಬೇಕೆಂದಿರುವ ಆ ಕಾಡಿನಲ್ಲಿ, ಆದರೂ ಆ ಕಾಡಿನ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದೆ. ನಾಲಗೆಗೆ ಅವಳ ಜೀವನ ಬಂದು ಕೂತ ಹಾಗಾಯಿತು. ಅವಳು ವಿಧವೆಯೆಂದು ಗೊತ್ತಿತ್ತು, ಹೇಗೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೊನೆಗೆ ಅವಳು ನಿನ್ನ ವಿಷಯ ತೆಗೆದಳು. ಮನೆಯಲ್ಲಿ ಬಸುರಿ ಇದ್ದಾಳೆ, ಅವಳ ಬಾಣಂತನಕ್ಕೆ ಆ ನೀರು ಬಿಸಿ ಇರುವುದಿಲ್ಲ, ಇನ್ನೂ ಕೊರೆದರೆ ನೀರೇ ಇರುವುದಿಲ್ಲ ಎಂದಳು. ಅದನ್ನೂ ಹೇಳಿದೆ. ಎಲ್ಲವನ್ನೂ ಇದ್ದ ಹಾಗೆ ಹೇಳಿದೆ.

ಅಧಿಕಾರಿ ಮೊದಲು ಬರೆದುಕೊಂಡ ಹಾಳೆಯನ್ನು ಹೊಡೆದುಹಾಕಿದರು. ಇದು ವಿಚಾರಣೆಯೇ ಆಗಲಿಲ್ಲ, ಮುಂದಿನ ತಿಂಗಳು ಬೆಂದ್ರಪಾದೆಯಲ್ಲಿಯೇ ಇನ್ನೊಂದು ಸಭೆ ಮಾಡುತ್ತೇನೆ, ಅಲ್ಲಿಯವರೆಗೆ ಮೇಲಿನ ಕಾಡಿಗೆ ಯಂತ್ರ ಹೋಗಬಾರದು ಎಂದರು. ಗೆದ್ದೆವು ಎಂದು ಕುಣಿಯಬೇಡಿ. ಮಾರ್ಕೆಟಿನ ಸಲ ನಮಗೂ ಹೀಗೆಯೇ ದಿನ ಮುಂದೆ ಹಾಕಿದ್ದರು, ಆಮೇಲೆ ಎರಡು ವರ್ಷ ಕೂರಬೇಕಾಯಿತು.

ಹೊರಗೆ ಬಂದಾಗ ಅವಳು ನನ್ನ ಹತ್ತಿರ ಬಂದು, ನೀವು ಬಾಯಿ ತೆರೆದ ಕೂಡಲೇ ಗೊತ್ತಾಯಿತು, ಹರ್ಷಿಣಿಗೆ ಸಿಟ್ಟು ಬಂದರೆ ಇದೇ ಸ್ವರ ಎಂದಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿದೆವು. ಹೆರಿಗೆಗೆ ನಿನ್ನನ್ನು ಕಾಪುವಿಗೆ ಕಳಿಸಬೇಕು ಎಂದು ಹೇಳಲು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ನಾನು ಶುರು ಮಾಡುವ ಮೊದಲೇ ಅವಳು, ಮೊದಲ ಹೆರಿಗೆ ತಾಯಿಮನೆಯದ್ದು, ಡಾಕ್ಟರು ಹೂಂ ಎಂದ ದಿನ ಕರೆದುಕೊಂಡು ಹೋಗಿ ಎಂದಳು. ಅಷ್ಟು ಸುಲಭದಲ್ಲಿ ಬಿಟ್ಟುಕೊಟ್ಟದ್ದು ನನಗೆ ಹಿಡಿಸಲಿಲ್ಲ. ಜಗಳಕ್ಕೆ ತಯಾರಾಗಿ ಹೋದವಳಿಗೆ ಹೀಗೆ ಮಾಡಬಾರದು.

ಆಮೇಲೆ ಚಾದ ಲೋಟ ನೋಡುತ್ತಾ ಒಂದು ಮಾತು ಹೇಳಿದಳು.

‘ಕಳೆದ ವರ್ಷ ಆ ಮಗು ಹೋದ ದಿನ ಅವಳು ಕರೆದದ್ದು ನಿಮ್ಮನ್ನು. ಅಮ್ಮಾ ಅಮ್ಮಾ ಎಂದು. ನಾನು ಅವಳ ಕೈ ಹಿಡಿದುಕೊಂಡು ಕೂತಿದ್ದೆ, ಒಂದು ಸಲವೂ ನನ್ನನ್ನು ಕರೆಯಲಿಲ್ಲ. ನನಗೂ ಹೊಟ್ಟೆ ಉರಿಯಿತು ಅಕ್ಕಾ.’

ಮಲ್ಲಿಗೆಯನ್ನು ಅರ್ಧ ತುಂಡು ಮಾಡಿ ಅವಳಿಗೆ ಕೊಡೋಣ ಎಂದುಕೊಂಡೆ, ವಿಧವೆ ಮುಡಿಯುತ್ತಾಳೋ ಇಲ್ಲವೋ ಎಂದು ಸುಮ್ಮನಾದೆ. ಅವಳೇ ಕೈ ಚಾಚಿ ತೆಗೆದುಕೊಂಡಳು. ನಿನಗೆ ಕೊಡುತ್ತೇನೆ ಎಂದು ಸೆರಗಿನಲ್ಲಿ ಕಟ್ಟಿಕೊಂಡಳು. ಬಾಡದೆ ತಲುಪಿತಾ?

ಮುಂದಿನ ಸಭೆಯಲ್ಲಿ ಕನ್ನಡ ಹೇಳುವವರು ಯಾರೆಂದು ಅಧಿಕಾರಿ ಕೇಳಿದಾಗ ಪದ್ದಕ್ಕ ನನ್ನನ್ನೇ ತೋರಿಸಿದ್ದಾಳೆ. ಅದಕ್ಕೇ ಬರುತ್ತೇನೆ. ಮಲೆಗೆ ಕಾಲಿಡುವುದಿಲ್ಲ ಎಂದ ಬಾಯಿಯಿಂದಲೇ ಹೇಳುತ್ತಿದ್ದೇನೆ, ನೀನು ನಗಬೇಡ. ಒಂದು ವಾರ ಇರುತ್ತೇನೆ. ಹೆರಿಗೆ ಎಲ್ಲಿ ಆಗಬೇಕೆಂದು ನೀನೇ ಯೋಚಿಸಿ ಹೇಳು. ಕಾಪುವಿಗೆ ಬಂದರೆ ಒಳ್ಳೆಯದು ಎಂದು ಮಾತ್ರ ನನ್ನ ಅಭಿಪ್ರಾಯ. ಹಸ್ನಾಳಿಗೆ ಇನ್ನು ಎಣ್ಣೆ ಹಚ್ಚುವುದಿಲ್ಲ ಎಂದು ಹೇಳಲಾರೆ, ತಲೆ ತಂದು ಮಡಿಲಿಗೆ ಇಟ್ಟರೆ ಎಂತ ಮಾಡುವುದು.

ಇಂತು
ಅಮ್ಮಣ್ಣಿ, ನಿನ್ನ ಅಮ್ಮ

ಕೊನೆಗೆ ಒಂದು: ಎಲ್ಲವನ್ನೂ ಇದ್ದ ಹಾಗೆ ಹೇಳಿದೆ ಎಂದು ಬರೆದೆನಲ್ಲ, ಒಂದು ಮಾತನ್ನು ಇದ್ದ ಹಾಗೆ ಹೇಳಲಿಲ್ಲ. ನಿನ್ನ ವಿಷಯ ಬಂದಾಗ ಅವಳು ಸಭೆಯಲ್ಲಿಯೂ ‘ಎನ್ನ ಮಗಳ್’ ಎಂದೇ ಹೇಳಿದಳು. ನಾನು ‘ನನ್ನ ಸೊಸೆ’ ಎಂದು ಕನ್ನಡ ಮಾಡಿದೆ. ಸೊಸೆ ಎಂಬ ಮಾತು ಅವಳಿಗೆ ತಿಳಿಯುತ್ತದೆ. ನನ್ನ ಮುಖವನ್ನೊಮ್ಮೆ ನೋಡಿ, ತಿದ್ದದೆ, ಮುಂದಿನ ಮಾತಿಗೆ ಹೋದಳು. ಬೆಂದ್ರಪಾದೆಯ ಸಭೆಯಲ್ಲಿ ಅವಳು ಮತ್ತೆ ಹಾಗೆಯೇ ಹೇಳಿದರೆ ಎಂತ ಮಾಡಬೇಕೆಂದು ನಾನಿನ್ನೂ ತೀರ್ಮಾನ ಮಾಡಿಲ್ಲ.